ಐದು ನುಡಿಯ ನಿಮಿಷ

ವ್ಯಂಕಟೇಶರಾಯರಿಗೆ ಉಪ್ಪಿಲ್ಲದ ಸಾರು ಬಡಿಸಿದ ಮೊದಲ ದಿನವೇ ಮನೆಯಲ್ಲಿ ಜಗಳವಾಯಿತು.

"ಇದೇನು, ಸಾರೋ ಕೈ ತೊಳದ ನೀರೋ?" ಎಂದು ಅವರು ಬಟ್ಟಲನ್ನು ಅತ್ತ ಸರಿಸಿದರು.

"ನನ್ನ ಕೇಳಬ್ಯಾಡ್ರಿ. ನಿಮ್ಮ ನರ್ಸ್ ಸೊಸಿನ್ನ ಕೇಳ್ರಿ," ಎಂದರು ಅವರ ಹೆಂಡತಿ ಭಾಗೀರಥಿಬಾಯಿ. "ಮೂವತ್ತೈದು ವರ್ಷ ಅಡಗಿ ಮಾಡಿದೆ, ನನಗ ಉಪ್ಪು ಹಾಕಾಕ ಬರೂದಿಲ್ಲಂತ ಈಗ ಗೊತ್ತಾತು."

ಸೊಸೆ ಜಾನಕೀಬಾಯಿ ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು. "ಉಪ್ಪು ಮೈಯಾಗ ನೀರು ಹಿಡೀತದ ಮಾವನವರ. ಕಾಲಿನ ಬಾವು ಇಳೀಲಿ, ಆಮ್ಯಾಲ ನೋಡೋಣು."

"ಇಷ್ಟು ವರ್ಷ ತಹಸೀಲ ಕಚೇರಿ ಮುಂದ ಕೂತು ಮಂದಿಗೆ ಅರ್ಜಿ ಬರಕೊಟ್ಟೆ. ಈಗ ಒಂದು ಚಿಟಿಗಿ ಉಪ್ಪಿಗೆ ನಾನ ಅರ್ಜಿ ಬರೀಬೇಕಾತು. ಯಾರ ಹೆಸರಿಗೆ ಬರೀಲಿ, ಅತ್ತಿಗೋ ಸೊಸಿಗೋ?"

ಮಗ ವಾಮನ ನಕ್ಕ. ಆ ಊಟದಲ್ಲಿ ನಕ್ಕವನು ಅವನೊಬ್ಬನೇ. ಮರುದಿನ ರಾಯರ ಮೊಸರನ್ನದ ಕೆಳಗೆ ಒಂದು ಹೋಳು ಮಾವಿನ ಉಪ್ಪಿನಕಾಯಿ ಸಿಕ್ಕಿತು. ಜಾನಕಿ ಅದನ್ನು ತೆಗೆದು ಹೊರಗಿಟ್ಟಾಗ ಭಾಗೀರಥಿಬಾಯಿ ಗೋಡೆಯ ಕಡೆ ನೋಡುತ್ತ ನಿಂತಿದ್ದರು.

ಇದು 1948ರ ಜುಲೈ ತಿಂಗಳಲ್ಲಿ, ಆಳಂದದಲ್ಲಿ. ಗಡಿಯಾಚೆ, ಹಿಂದುಸ್ತಾನದ ಸೋಲಾಪುರ ಹತ್ತಿರವೇ ಇದ್ದುದರಿಂದ ಓಣಿಯ ಅರ್ಧ ಮನೆಗಳಿಗೆ ಆಗಲೇ ಬೀಗ ಬಿದ್ದಿತ್ತು. ರಜಾಕಾರರು ಹಗಲಿನಲ್ಲೇ ಬಂದೂಕು ಹಿಡಿದು ಬಜಾರದಲ್ಲಿ ತಿರುಗುತ್ತಿದ್ದರು. ಈ ಮನೆಯವರು ಹೋಗಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ರಾಯರನ್ನು ಎತ್ತಿನ ಬಂಡಿಯಲ್ಲಿ ಮಲಗಿಸಿ ಅಷ್ಟು ದೂರ ಒಯ್ಯುವುದು ಸಾಧ್ಯವಿರಲಿಲ್ಲ.

ದವಾಖಾನೆಯ ಡಾಕ್ಟರು ರಜೆಯ ಮೇಲೆ ಹೋಗುವ ಮುಂಚೆ ಒಮ್ಮೆ ಬಂದು ನೋಡಿ ಡಿಜಿಟಾಲಿಸ್ ಗುಳಿಗೆ ಬರೆದುಕೊಟ್ಟಿದ್ದರು. ಒಂದು ಎಲೆಯನ್ನು ಒಣಗಿಸಿ ಪುಡಿ ಮಾಡಿ ಒತ್ತಿದ ಕಂದು ಬಣ್ಣದ ಸಣ್ಣ ಗುಳಿಗೆ. ಬೆಳಿಗ್ಗೆ ಒಂದು, ಸಂಜೆ ಒಂದು. ಡಾಕ್ಟರು ಹೋದ ಮೇಲೆ ದವಾಖಾನೆಯಲ್ಲಿ ಉಳಿದವರು ಕಂಪೌಂಡರ್ ಕರೀಮಸಾಬರು ಮಾತ್ರ. ಗುಳಿಗೆಯ ಡಬ್ಬಿ ಕೊಡುವಾಗ ಅವರು ಜಾನಕಿಗೆ, "ನಿಮಗ ಹೇಳೂದು ಬೇಕಿಲ್ಲ ಬಾಯಿಸಾಬ, ನೀವು ಕಲತವರು. ನಾಡಿ ನೋಡದ ಕೊಡಬ್ಯಾಡ್ರಿ," ಎಂದಿದ್ದರು.

ಜಾನಕಿ ಮದುವೆಗೆ ಮುಂಚೆ ಸೋಲಾಪುರದ ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ನರ್ಸಿಂಗ್ ಕಲಿತವಳು. ಮೂರನೆಯ ವರ್ಷದ ಪರೀಕ್ಷೆಗೆ ಮುಂಚೆ ಮದುವೆಯಾಯಿತು. ಆಗಿನ ಟಿಪ್ಪಣಿ ಪುಸ್ತಕ ಇನ್ನೂ ಅವಳ ಟ್ರಂಕಿನಲ್ಲಿತ್ತು. ಈ ಔಷಧ ಎದೆಯ ಬಡಿತವನ್ನು ನಿಧಾನ ಮಾಡುತ್ತದೆ, ಗಟ್ಟಿ ಮಾಡುತ್ತದೆ. ಪ್ರತಿ ಸಲ ಕೊಡುವ ಮುಂಚೆ ಪೂರಾ ಒಂದು ನಿಮಿಷ ನಾಡಿ ಎಣಿಸಬೇಕು. ಅರವತ್ತಕ್ಕಿಂತ ಕಡಿಮೆ ಬಂದರೆ ಕೊಡಕೂಡದು. ಅದರ ಕೆಳಗೆ ಬರೆದಿತ್ತು: ಹಸಿವು ಹೋಗುವುದು, ವಾಕರಿಕೆ, ಕಣ್ಣಿಗೆ ಹಳದಿ ಅಥವಾ ಹಸಿರು ಕಾಣುವುದು. ಈ ಸಾಲಿಗೆ ಅವಳು ಎರಡು ಗೆರೆ ಎಳೆದಿದ್ದಳು.

ಅತ್ತೆಗೆ ಅವಳು ಹೇಳಿದ್ದು ಒಂದೇ ಮಾತು: "ಅರವತ್ತರ ಕೆಳಗ ಇಳದ್ರ ಗುಳಿಗಿ ಬಂದ್."

ಮೊದಮೊದಲು ವಾಮನನ ಕೈಗಡಿಯಾರ ನೋಡಿ ಎಣಿಸಿದಳು. ನೂರಾ ಹತ್ತು ಇದ್ದ ನಾಡಿ ತೊಂಬತ್ತಕ್ಕೆ ಬಂತು, ಎಂಬತ್ತಕ್ಕೆ ಬಂತು. ಬಾವು ಇಳಿಯಿತು. ರಾಯರು ಗೋಡೆ ಹಿಡಿದು ಹಿತ್ತಿಲ ತನಕ ನಡೆದರು. ದಿನಾ ಬೆಳಿಗ್ಗೆ ಅವಳು ಎಣಿಸುತ್ತ ಕೂತಾಗ ಪಕ್ಕದ ದೇವರ ಕೋಣೆಯಿಂದ ಅತ್ತೆಯ ಆರತಿ ಹಾಡು ಕೇಳುತ್ತಿತ್ತು. ಹಾಡಿನ ಐದು ನುಡಿ ಮುಗಿಯುವ ಹೊತ್ತಿಗೆ ಸೆಕೆಂಡಿನ ಮುಳ್ಳು ಸರಿಯಾಗಿ ಒಂದು ಸುತ್ತು ಬರುವುದನ್ನು ಅವಳು ಗಮನಿಸಿದ್ದಳು. ಹತ್ತು ದಿನ ನೋಡಿದರೂ ಹೆಚ್ಚೆಂದರೆ ಎರಡು ಸೆಕೆಂಡಿನ ವ್ಯತ್ಯಾಸ.

ಜುಲೈ ಕೊನೆಯಲ್ಲಿ ವಾಮನ ತಾನು ಮಾಸ್ತರನಾಗಿದ್ದ ಶಾಲೆಯ ಕೀಲಿ ಒಪ್ಪಿಸಲು ಅಫಜಲಪುರಕ್ಕೆ ಹೋದ. ಬರುವಾಗ ಚೌಡಾಪುರದ ಹತ್ತಿರ ಬಂದೂಕಿನವರು ಬಸ್ಸು ನಿಲ್ಲಿಸಿದರು. ಮನೆಗೆ ಬಂದಾಗ ಅವನ ಮಣಿಕಟ್ಟಿನಲ್ಲಿ ಗಡಿಯಾರದ ಬಿಳಿ ಗುರುತು ಮಾತ್ರ ಇತ್ತು.

"ಜೀವ ಬಿಟ್ಟು ಕಳಿಸ್ಯಾರ, ಸಾಕು," ಎಂದು ಭಾಗೀರಥಿಬಾಯಿ ಅವನ ಕೈ ಸವರಿದರು.

"ಇನ್ನ ನಾಡಿ ಹ್ಯಾಂಗ ನೋಡೂದು?" ಎಂದಳು ಜಾನಕಿ.

"ಗಂಡ ತಿರುಗಿ ಬಂದಾನ, ನಿನಗ ಗಡಿಯಾರದ ಚಿಂತಿ!"

ಗಡಿಯಾರವಿದ್ದ ನೆರೆಯವರೆಲ್ಲ ಊರು ಬಿಟ್ಟಿದ್ದರು. ಜಾನಕಿಗೆ ಹಾಡಿನ ನೆನಪಾಯಿತು. ಸಂಜೆ ಅತ್ತೆಯನ್ನು ರಾಯರ ಹಾಸಿಗೆಯ ಹತ್ತಿರ ಕೂಡಿಸಿ, "ಐದು ನುಡಿ ಅನ್ರಿ, ದಿನಾ ಅಂದಾಂಗ ಅನ್ರಿ. ನಾ ಎಣಸ್ತೇನಿ," ಎಂದಳು.

ಭಾಗೀರಥಿಬಾಯಿಗೆ ಒಳಗೊಳಗೇ ಹೆಮ್ಮೆ. "ನರೋಣದಾಗ ನಮ್ಮವ್ವ ಕಲಿಸಿದ ಹಾಡು. ನಿಮ್ಮ ಇಂಗ್ಲೀಷ ಡಾಕ್ಟರಿಕಿಗೂ ಬೇಕಾತು ನೋಡು!"

"ನಾ ಸಾಯೂ ತನಕ ದಿನಕ್ಕ ಎರಡು ಸಲ ಆರತಿ," ಎಂದರು ರಾಯರು. "ದೇವರಿಗೂ ಒಂದ ಹೊತ್ತು ಇರ್ತದ."

ಆಗಸ್ಟಿನಲ್ಲಿ ಗುಳಿಗೆ ಮುಗಿಯಿತು. ಔಷಧ ತರುವ ಲಾರಿ ಬರಲಿಲ್ಲ. ಎರಡನೆಯ ದಿನಕ್ಕೆ ಕಾಲು ಊದಿತು, ನಾಲ್ಕನೆಯ ದಿನಕ್ಕೆ ರಾಯರಿಗೆ ಮಲಗಲು ಆಗಲಿಲ್ಲ. ಕೂತೇ ಇದ್ದರು, ತುಟಿ ನೀಲಿಯಾಗಿ, ನೀರಿನಲ್ಲಿ ಮುಳುಗುವವರ ಹಾಗೆ ಉಸಿರು ಎಳೆಯುತ್ತ. ಭಾಗೀರಥಿಬಾಯಿ ಅವರ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಕೂತರು. ಆರನೆಯ ದಿನ ಕರೀಮಸಾಬರು ಎಲ್ಲಿಂದಲೋ ಒಂದು ಡಬ್ಬಿ ತಂದುಕೊಟ್ಟರು. ಮೂರು ದಿನ ಗುಳಿಗೆ ಹೋದ ಮೇಲೆ ರಾಯರು ದಿಂಬಿಗೆ ತಲೆ ಇಟ್ಟರು.

"ಆ ಗುಳಿಗಿ ಇನ್ನೊಮ್ಮೆ ನಿಲ್ಲಬಾರದು," ಎಂದರು ಭಾಗೀರಥಿಬಾಯಿ. "ಏನರ ಆಗ್ಲಿ, ನಿಲ್ಲಬಾರದು."

ಡಬ್ಬಿಯಲ್ಲಿ ಇದ್ದದ್ದು ಒಂದು ತಿಂಗಳಿಗೆ ಸಾಲುವಷ್ಟು. ಆಗಸ್ಟ್ ಕೊನೆಗೆ ವಾಮನ ಸೋಲಾಪುರಕ್ಕೆ ಹೊರಟ, ಗುಳಿಗೆ ತರಲು. ಎರಡು ದಿನದಲ್ಲಿ ಬರುತ್ತೇನೆ ಎಂದವನು ಬರಲಿಲ್ಲ. ಗಡಿಯ ದಾರಿಯಲ್ಲಿ ಗುಂಡು ಹಾರುತ್ತಿವೆ ಎಂದು ಸರಸಂಬಾದ ಕಡೆಯಿಂದ ಓಡಿಬಂದವರು ಹೇಳಿದರು. ಮನೆಯಲ್ಲಿ ಉಳಿದವರು ಹಾಸಿಗೆ ಹಿಡಿದ ಗಂಡಸು ಒಬ್ಬ, ಹೆಂಗಸರು ಇಬ್ಬರು. ಬಾಗಿಲಿಗೆ ಒಳಗಿನಿಂದ ಒನಕೆ ಅಡ್ಡ ಇಟ್ಟಿರುತ್ತಿದ್ದರು. ಒಗ್ಗರಣೆಯ ಸದ್ದು ಹೊರಗೆ ಹೋಗಬಾರದೆಂದು ಸಾರಿಗೆ ಒಗ್ಗರಣೆಯೂ ನಿಂತಿತು.

ನಾಡಿ ಮಾತ್ರ ಚೆನ್ನಾಗಿತ್ತು. ಅರವತ್ತೆರಡು, ಅರವತ್ತೊಂದು, ಅರವತ್ತಮೂರು. ಜಾನಕಿ ಪ್ರತಿ ಸಲ ಬರೆದಿಡುತ್ತಿದ್ದಳು. ಬರೆದದ್ದನ್ನು ನೋಡಿದಾಗ ಅವಳಿಗೆ ಧೈರ್ಯ ಬರುತ್ತಿತ್ತು. ಆ ದಿನಗಳಲ್ಲಿ ನೆಟ್ಟಗೆ ನಿಂತದ್ದು ಅದೊಂದೇ.

ಚೌತಿಯ ದಿನ ಹಿತ್ತಿಲ ಮಣ್ಣಿನಲ್ಲಿಯೇ ಗಣಪತಿ ಮಾಡಿ, ಬಾಗಿಲು ಹಾಕಿಕೊಂಡು, ಗಂಟೆ ಬಾರಿಸದೆ ಪೂಜೆ ಮಾಡಿದರು. ಅತ್ತೆ ದೇವರ ಮುಂದೆ ಹಾಡಿದ ಆರತಿ ಜಾನಕಿಗೆ ತೀರ ಬೇಗ ಮುಗಿದಂತೆ ಅನಿಸಿತು. ಹೆದರಿ ಅವಸರ ಮಾಡಿದರು ಎಂದುಕೊಂಡಳು.

ರಾಯರಿಗೆ ಕಡಬೆಂದರೆ ಪ್ರಾಣ. ಅಂದು ಒಂದನ್ನು ಮುರಿದು, ನೋಡಿ, ತಟ್ಟೆಯಲ್ಲಿಯೇ ಬಿಟ್ಟರು.

"ಯಾಕ್ರಿ, ಬೆಲ್ಲದ್ದು. ಇದಕ್ಕ ಉಪ್ಪಿನ ತಕರಾರಿಲ್ಲ," ಎಂದರು ಭಾಗೀರಥಿಬಾಯಿ.

"ವಾಸನಿ ಬಂದ್ರ ಹೊಟ್ಟಿ ತೊಳಸ್ತದ. ತಗೀ ಅದನ್ನ." ಸ್ವಲ್ಪ ಹೊತ್ತಿನ ಮೇಲೆ ಅವರು ತಮ್ಮ ಧೋತರದ ಅಂಚು ಹಿಡಿದು ಕೇಳಿದರು, "ಏ, ಇದನ್ನ ಅರಿಶಿಣದ ನೀರಾಗ ಹಿಂಡೀರೇನು? ಈ ವಯಸ್ಸಿನಾಗ ನನಗ ಇನ್ನೊಂದು ಮದವಿ ಮಾಡಾವರೇನು ನೀವು?"

"ಬೆಳ್ಳಗ ಹಾಲಿನಾಂಗ ಅದ. ಕಣ್ಣು ತೊಳಕೋರಿ."

ಜಾನಕಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಅವಳು ಟ್ರಂಕು ತೆಗೆದು ಎರಡು ಗೆರೆ ಎಳೆದ ಸಾಲನ್ನು ಓದಿದಳು. ಮೂರೂ ಬಂದಿದ್ದವು. ಆದರೆ ಅಂದು ಬೆಳಿಗ್ಗೆಯ ನಾಡಿ ಅರವತ್ತೆರಡು. ಸಂಜೆ ಮತ್ತೆ ಎಣಿಸಿದಳು, ಅರವತ್ತೊಂದು. ಪುಸ್ತಕದ ಒಂದು ಸಾಲು ಕೊಡಬೇಡ ಎನ್ನುತ್ತಿತ್ತು, ಇನ್ನೊಂದು ಸಾಲು ಕೊಡು ಎನ್ನುತ್ತಿತ್ತು. ಅವಳು ಅಂಕಿಯನ್ನು ನಂಬಿದಳು. ಗುಳಿಗೆ ಕೊಟ್ಟಳು.

ಎರಡು ದಿನ ರಾಯರು ಗಂಜಿಯನ್ನೂ ವಾಂತಿ ಮಾಡಿದರು. ಮೂರನೆಯ ದಿನ ಬೆಳಿಗ್ಗೆ ಅರವತ್ತೆರಡು ಎಣಿಸಿದ ಮೇಲೆ ಜಾನಕಿ, "ಲೆಕ್ಕ ತಪ್ಪಿತು ಅತ್ತಿ, ಇನ್ನೊಮ್ಮೆ ಅನ್ರಿ," ಎಂದಳು. ಅತ್ತೆ ಮತ್ತೆ ಐದು ನುಡಿ ಹಾಡಿದರು. ಈ ಸಲ ಜಾನಕಿ ಸೆರಗಿನ ಕೆಳಗೆ ತನ್ನದೇ ನಾಡಿ ಹಿಡಿದಿದ್ದಳು. ತುಟಿ ಮಾತ್ರ ಮಾವನ ನಾಡಿಯನ್ನೇ ಎಣಿಸುವ ಹಾಗೆ ಮೆಲ್ಲಗೆ ಅಲುಗುತ್ತಿತ್ತು. ನೂರಾ ಇಪ್ಪತ್ತನಾಲ್ಕು ಬಂತು.

ಗುಳಿಗೆ ಕೊಡದೆ ಒಳಗೆ ಹೋದಳು. ಅಡುಗೆಮನೆಯಲ್ಲಿ ಅತ್ತೆ ಮೊರದಲ್ಲಿ ಬೇಳೆ ಆರಿಸಲು ಕೂತರು. ಜಾನಕಿ ಎದುರಿಗೆ ಕೂತು, ಮತ್ತೆ ಸೆರಗಿನ ಕೆಳಗೆ ತನ್ನ ನಾಡಿ ಹಿಡಿದು, "ಆ ಹಾಡು ನನಗೂ ಕಲಸ್ರಿ. ನಿಮ್ಮ ಗಂಟಲ ಕೆಟ್ಟ ದಿನ ನಾ ಅಂತೇನಿ," ಎಂದಳು. ಅತ್ತೆ ಬೇಳೆ ಆರಿಸುತ್ತ ಹಾಡಿದರು. ಜಾನಕಿಯ ನಾಡಿ ಎಂಬತ್ತಾರು. ಇನ್ನೊಮ್ಮೆ ಹಾಡಿಸಿದಳು. ಎಂಬತ್ತೈದು.

ಹೆದರಿಕೆಗೆ ಹತ್ತು ಹನ್ನೆರಡು ಹೆಚ್ಚಾಗಬಹುದು. ಮೂವತ್ತೆಂಟು ಹೆಚ್ಚಾಗಲಾರದು.

"ಅತ್ತಿ, ನೀವು ಮಾವನವರ ಹತ್ರ ಹಾಡು ಎಳೀತೀರಿ."

"ಏನು?"

"ಇಲ್ಲೆ ಒಂದು ನಿಮಿಷಕ್ಕ ಮುಗಿಯೂ ಹಾಡು ಅಲ್ಲೆ ಒಂದೂವರಿ ನಿಮಿಷ ಆಗ್ತದ."

ಮೊರದಲ್ಲಿ ಆಡುತ್ತಿದ್ದ ಕೈ ನಿಂತಿತು. ಭಾಗೀರಥಿಬಾಯಿ ಸಿಟ್ಟು ಮಾಡುತ್ತಾರೆ ಎಂದು ಜಾನಕಿ ಕಾದಳು. ಅವರು ಸಣ್ಣ ದನಿಯಲ್ಲಿ, "ಅರವತ್ತು ಆಗಬೇಕಲ್ಲವಾ," ಎಂದರು.

"ಅಂದ್ರ?"

"ನೀನ ಹೇಳಿದ್ದಿ, ಅರವತ್ತರ ಕೆಳಗ ಇಳದ್ರ ಗುಳಿಗಿ ಬಂದ್ ಅಂತ. ನೀ ಎಣಸೂ ಮುಂದ ತುಟಿ ಅಲ್ಲಾಡಸ್ತಿ. ನಾ ನಿನ್ನ ತುಟಿ ನೋಡ್ಕೋತ ಹಾಡ್ತಿದ್ದೆ. ಅರವತ್ತು ಅಂದಿ ಅಂತ ಕಂಡ ಮ್ಯಾಲ ಕಡೀ ಸಾಲು ಮುಗಿಸ್ತಿದ್ದೆ."

"ಎಂದಿನಿಂದ?"

"ಗೋಕುಲಾಷ್ಟಮಿ ಆದ ಮ್ಯಾಲಿಂದ. ಅವತ್ತು ನಾಕನೇ ನುಡಿ ಮುಗದ್ರೂ ನೀ ನಾಲ್ವತ್ತರಾಗ ಇದ್ದಿ. ನನಗ ಎದಿ ಧಸಕ್ ಅಂತು. ಗುಳಿಗಿ ನಿಂತಾಗ ಅವರು ಹ್ಯಾಂಗ ಕೂತಿದ್ರು ಅನ್ನೂದು ನೀ ನೋಡಿಲ್ಲೇನು?"

ಜಾನಕಿ ಬೆರಳು ಮಡಿಸಿ ದಿನಗಳನ್ನು ಎಣಿಸಿದಳು. ಎರಡು ವಾರ, ದಿನಕ್ಕೆ ಎರಡು ಸಲ. "ಆ ಗುಳಿಗಿ ಎದಿ ನಿಧಾನ ಮಾಡ್ತದ ಅತ್ತಿ. ಅದು ಅದರ ಗುಣ. ಮೈಯಾಗ ಜಾಸ್ತಿ ಕೂತ್ರ ನಿಧಾನ ಮಾಡ್ಕೋತ ಮಾಡ್ಕೋತ..." ಜಾನಕಿ ಮನಸ್ಸಿನಲ್ಲಿ ಲೆಕ್ಕ ಹಾಕಿದಳು. ಹಾಡು ಎಳೆದಷ್ಟೂ ಅಂಕಿ ಹೆಚ್ಚಿದೆ. ಅಷ್ಟನ್ನು ಕಳೆದರೆ ಅರವತ್ತೆರಡು ನಲವತ್ತಮೂರಾಗುತ್ತದೆ.

"ನಾ ಅವರಿಗೆ ಏನ ಮಾಡಿದೆ ಜಾನಕೀ?" ಎಂದರು ಭಾಗೀರಥಿಬಾಯಿ. "ಬಾಯಿ ಬಿಟ್ಟು ಹೇಳು."

"ಮಾಡಿದವರು ಇಬ್ಬರು. ಕೊಟ್ಟಾಕಿ ನಾನ. ಕಡಬು ಬ್ಯಾಡ ಅಂದ ದಿನಾನ ನಾ ನಿಲ್ಲಿಸಬೇಕಿತ್ತು. ಈಗ ಖರೇ ಎಷ್ಟದ ಅಂತ ಗೊತ್ತಾಗಬೇಕು. ಗಡಿಯಾರ ಬೇಕು. ಕರೀಮಸಾಬರ ಹತ್ರ ಅದ."

ದವಾಖಾನೆ ಮುಚ್ಚಿ ನಾಲ್ಕು ದಿನವಾಗಿತ್ತು. ಕರೀಮಸಾಬರ ಮನೆ ಬಜಾರ ದಾಟಿ ಆಚೆ.

"ನಾ ಹೋಗ್ತೇನಿ," ಎಂದು ಜಾನಕಿ ಎದ್ದಳು.

"ನೀ ವಯಸ್ಸಿನ ಹುಡುಗಿ, ಎಲ್ಲಿ ಹೋಗ್ತಿ? ಸುಮ್ನ ಅವರ ಹತ್ರ ಕೂಡು. ನನ್ನ ಯಾರು ಹಿಡೀತಾರ?"

ಭಾಗೀರಥಿಬಾಯಿ ಒನಕೆ ಸರಿಸಿ ಹೊರಗೆ ಬಂದರು. ಬಜಾರಿನಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಚಾವಡಿಯ ಮೆಟ್ಟಿಲ ಮೇಲೆ ಆರೇಳು ಮಂದಿ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರಲ್ಲೊಬ್ಬ, "ಕಹಾಂ ಜಾತೀ ಬುಡ್ಡೀ?" ಎಂದು, ಎಲ್ಲಿಗೆ ಹೊರಟಿದ್ದಾಳೆಂದು ಕೂಗಿ ಕೇಳಿದ. "ದವಾ," ಎಂದರು ಭಾಗೀರಥಿಬಾಯಿ. ಔಷಧಕ್ಕೆ ಅವರ ಭಾಷೆಯ ಆ ಒಂದೇ ಶಬ್ದ ಬಾಯಿಗೆ ಬಂತು. ಅವನು ಇನ್ನೇನೋ ಅಂದ, ಉಳಿದವರು ನಕ್ಕರು. ಭಾಗೀರಥಿಬಾಯಿ ತಿರುಗಿ ನೋಡದೆ ನಡೆದರು. ಮಡಿಲಿನ ಸೀರೆ ಬೆವರಿನಿಂದ ಕೈಗೆ ಅಂಟುತ್ತಿತ್ತು.

ಬಾಗಿಲು ತೆರೆದವರು ಕರೀಮಸಾಬರ ಹೆಂಡತಿ ಗೌಸಿಯಾಬೇಗಂ. ಮೂವತ್ತು ವರ್ಷ ಒಂದೇ ಊರಿನಲ್ಲಿದ್ದರೂ ಭಾಗೀರಥಿಬಾಯಿ ಈ ಹೊಸ್ತಿಲು ತುಳಿದಿರಲಿಲ್ಲ.

"ಯಾ ಅಲ್ಲಾ, ನೀವ್ಯಾಕ ಬಂದ್ರಿ ಬಾಯೀ? ಒಳಗ ಬರ್ರಿ, ಲಗೂ ಒಳಗ ಬರ್ರಿ."

ಕರೀಮಸಾಬರು ಎಲ್ಲವನ್ನೂ ಕೇಳಿ ಹಣೆ ಒತ್ತಿಕೊಂಡರು. "ಹಾಡು ಹಾಡಿ ಗುಳಿಗಿ ಕೊಟ್ರೇನು?"

"ಅವರ ಜೋಡಿ ನೀವು ಈಗ ಹೊರಗ ಹೋಗ್ತೀರೇನು?" ಎಂದರು ಗೌಸಿಯಾಬೇಗಂ ಗಂಡನಿಗೆ. "ಮನ್ನಿ ಚಾವಡ್ಯಾಗ ಬಂದೂಕಿನವರು ಏನಂದ್ರು ಮರ್ತ್ರೇನು? ಅವರ ಮನೀ ದವಾ ಬಂದ್ ಮಾಡು ಅಂದ್ರು."

"ಮರ್ತಿಲ್ಲ." ಅವರು ಗೂಟಕ್ಕೆ ತೂಗುಹಾಕಿದ್ದ ಕೋಟಿನಿಂದ ಜೇಬುಗಡಿಯಾರ ತೆಗೆದರು. "ನಾ ಹಿಂದಿನ ಓಣಿಲಿಂದ ಬರ್ತೇನಿ. ನೀವು ಮುಂದ ಹೋಗ್ರಿ ಬಾಯಿಸಾಬ. ನನ್ನ ಕೂಡ ಬರಬ್ಯಾಡ್ರಿ."

ರಾಯರ ಮಣಿಕಟ್ಟು ಹಿಡಿದು ಕರೀಮಸಾಬರು ಗಡಿಯಾರ ನೋಡಿದರು. ಮೂರು ಸಲ ಎಣಿಸಿದರು.

"ನಾಲ್ವತ್ತನಾಕು."

"ಪಾಸಾಗಾಕ ಮೂವತ್ತೈದು ಸಾಕಲ್ರಿ," ಎಂದರು ರಾಯರು ಕಣ್ಣು ಮುಚ್ಚಿಕೊಂಡೇ. ಯಾರೂ ನಗಲಿಲ್ಲ.

ಪಡಸಾಲೆಗೆ ಬಂದು ಕರೀಮಸಾಬರು ತಗ್ಗಿದ ದನಿಯಲ್ಲಿ ಹೇಳಿದರು: "ಇದನ್ನ ಹೊರಗ ತಗಿಯೂ ದವಾ ನನ್ನ ಹತ್ರ ಇಲ್ಲ. ತಾನ ಇಳೀಬೇಕು. ಎಂಟು ದಿನ ಆದೀತು, ಹದಿನೈದು ಆದೀತು. ಎಬ್ಬಿಸಬ್ಯಾಡ್ರಿ, ನಡಸಬ್ಯಾಡ್ರಿ. ಅರವತ್ತು ದಾಟಿದ ಮ್ಯಾಲ ಅರ್ಧ ಗುಳಿಗಿ ಶುರು ಮಾಡ್ರಿ, ದಿನಕ್ಕ ಒಮ್ಮೆ. ಅದರ ಮುಂಚೆ ಬ್ಯಾಡ."

"ಅಷ್ಟು ದಿನದಾಗ ನೀರು ತುಂಬಿದ್ರ?" ಎಂದರು ಭಾಗೀರಥಿಬಾಯಿ.

ಕರೀಮಸಾಬರು ಗಡಿಯಾರವನ್ನು ಜಾನಕಿಯ ಕೈಯಲ್ಲಿಟ್ಟು, "ಇದು ಇಲ್ಲೇ ಇರ್ಲಿ," ಎಂದು ಹಿತ್ತಿಲ ಬಾಗಿಲಿಂದ ಹೋದರು.

ಜಾನಕಿ ಅಂದಿನಿಂದ ಕೆಲಸ ಹಂಚಿದಳು. "ಗಡಿಯಾರ ನಾ ನೋಡ್ತೇನಿ. ಶುರು ಅಂತೇನಿ, ಬಸ್ ಅಂತೇನಿ. ನಾಡಿ ನೀವು ಎಣಸ್ರಿ."

"ನಾನೇ? ಇಷ್ಟೆಲ್ಲಾ ಮಾಡಿದ ಮ್ಯಾಲ ನನ್ನ ಕೈಗೆ ಕೊಡ್ತೀಯೇನು?"

"ನಿಮ್ಮ ಕೈಗೇ ಕೊಡಬೇಕು. ನಾ ಹೇಳಿದ ಅಂಕಿ ನೀವು ನಂಬೂದಿಲ್ಲ. ನೀವ ಮುಟ್ಟಿ ನೋಡ್ರಿ."

ಮೊದಲ ದಿನ ಭಾಗೀರಥಿಬಾಯಿಗೆ ನಾಡಿ ಸಿಗಲೇ ಇಲ್ಲ. ಸಿಕ್ಕಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಖಾಲಿ ಜಾಗದಲ್ಲಿ ಅವರ ಉಸಿರೂ ನಿಲ್ಲುತ್ತಿತ್ತು. ನಲವತ್ತನಾಲ್ಕು. ಮರುದಿನ ನಲವತ್ತಾರು. ಆಮೇಲೆ ಮತ್ತೆ ನಲವತ್ತೈದು. ಆ ದಿನವೆಲ್ಲ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಇಬ್ಬರೂ ಅವಲಕ್ಕಿ ನೆನೆಸಿಕೊಂಡು ತಿಂದರು.

ಸೋಮವಾರ ಆಕಾಶದಲ್ಲಿ ವಿಮಾನಗಳ ಸದ್ದು ಕೇಳಿತು. ಹಿಂದುಸ್ತಾನದ ಫೌಜು ಗಡಿ ದಾಟಿತು ಎಂದು ಗೋಡೆಯಾಚೆ ಯಾರೋ ಹೇಳಿದರು. ವಾರ ಕಳೆಯುವುದರೊಳಗೆ ಚಾವಡಿಯ ಮೆಟ್ಟಿಲು ಖಾಲಿಯಾಯಿತು, ಬಜಾರಿನಲ್ಲಿ ಸೇಡಿನ ಕೂಗು ಎದ್ದಿತು. ಭಾಗೀರಥಿಬಾಯಿ ನಾಡಿಯ ಸುದ್ದಿ ಹೇಳಿ ಬರಲು ಕರೀಮಸಾಬರ ಮನೆಗೆ ಹೋದರು. ಬೀಗವಿತ್ತು. ಕಿಟಕಿಯ ಹಲಗೆ ಒಡೆದಿತ್ತು. ಎಲ್ಲಿಗೆ ಹೋದರೆಂದು ಯಾರೂ ಹೇಳಲಿಲ್ಲ. ಕೇಳಿದ್ದಕ್ಕೆ ಒಬ್ಬ ಇವರ ಮುಖವನ್ನೇ ವಿಚಿತ್ರವಾಗಿ ನೋಡಿದ. ಮನೆಗೆ ಬಂದು ಅವರು ಸೊಸೆಗೆ ಅಷ್ಟೇ ಹೇಳಿದರು: "ಇನ್ನ ಕೇಳಾಕ ಯಾರಿಲ್ಲ. ಇದ್ದವರು ನಾವ ಇಬ್ಬರು."

ನಾಡಿ ಐವತ್ತು ದಾಟಿತು. ರಾಯರಿಗೆ ಧೋತರ ಬೆಳ್ಳಗೆ ಕಂಡಿತು, ಎರಡು ತುತ್ತು ಅನ್ನ ಹೋಯಿತು. ಅದೇ ವೇಳೆಗೆ ಕಾಲಿನ ಬಾವು ತಿರುಗಿ ಬಂತು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ದಿಂಬು ಒಂದಿದ್ದದ್ದು ಎರಡಾಯಿತು, ಆಮೇಲೆ ಮೂರಾಯಿತು.

"ಐವತ್ತೇಳು ಆತು," ಎಂದರು ಭಾಗೀರಥಿಬಾಯಿ. "ಅರ್ಧ ಅಲ್ಲ, ಕಾಲು ಗುಳಿಗಿ ಕೊಟ್ರ?"

"ಅರವತ್ತು ದಾಟಲಿ ಅತ್ತಿ."

"ಉಸಿರು ಕೇಳು ಅವರದು."

"ಕೇಳಾಕತ್ತೇನಿ."

ಮರುದಿನ ಮುಂಜಾನೆ ರಾಯರು ಮೂರು ದಿಂಬಿಗೆ ಒರಗಿ ಕೂತಿದ್ದರು. ತುಟಿಯ ಅಂಚು ನೀಲಿಗೆ ತಿರುಗಿತ್ತು. ಭಾಗೀರಥಿಬಾಯಿ ಮಣಿಕಟ್ಟು ಹಿಡಿದರು. ಜಾನಕಿ "ಶುರು" ಎಂದಳು.

ಅರ್ಧ ನಿಮಿಷವಾಗಿರಬೇಕು, ಹೊರಗಿನ ಬಾಗಿಲು ಬಡಿದ ಸದ್ದು. "ಅವ್ವಾ! ನಾನು, ವಾಮನ!" ಒನಕೆ ಅಡ್ಡ ಇರಲಿಲ್ಲ, ನೀರು ತಂದ ಜಾನಕಿ ಮರೆತಿದ್ದಳು. ಅವನು ಗಡ್ಡ ಬೆಳೆದ ಮುಖದಲ್ಲಿ, ಕೆಸರು ಮೆತ್ತಿದ ಕಾಲಲ್ಲಿ ನೇರವಾಗಿ ಒಳಗೆ ಬಂದ. ಕೈಯಲ್ಲಿ ಕಾಗದದ ಪೊಟ್ಟಣ. "ಅವ್ವಾ, ಮೂರು ತಿಂಗಳಿಗಾಗೂ ಅಷ್ಟು ಗುಳಿಗಿ ತಂದೇನಿ. ಅಪ್ಪಾ ಹ್ಯಾಂಗಿದ್ದಾರ?"

ಜಾನಕಿಯ ಕಣ್ಣು ಗಡಿಯಾರದಿಂದ ಏಳಲಿಲ್ಲ. ಭಾಗೀರಥಿಬಾಯಿ ಮಗನ ಕಡೆ ತಿರುಗಲಿಲ್ಲ. ಎಡಗೈ ಎತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದರು. ಮಗ ನಿಂತಲ್ಲಿಯೇ ನಿಂತ.

"ಬಸ್," ಎಂದಳು ಜಾನಕಿ.

ಭಾಗೀರಥಿಬಾಯಿ ಗಂಡನ ತುಟಿಯನ್ನು ನೋಡಿದರು. ಮಗನ ಕೈಯ ಪೊಟ್ಟಣವನ್ನು ನೋಡಿದರು. ಜಾನಕಿ ಸೀಸದ ಕಡ್ಡಿ ಹಿಡಿದು ಕಾಯುತ್ತಿದ್ದಳು. ಎಣಿಸಿದ್ದು ಅವರೊಬ್ಬರಿಗೇ ಗೊತ್ತಿತ್ತು. ಏನು ಹೇಳಿದರೂ ಅದೇ ಬರೆಯಲಾಗುತ್ತಿತ್ತು.

"ಐವತ್ತೊಂಬತ್ತು," ಎಂದರು.

ಜಾನಕಿ ಬರೆದಳು.

"ಒಂದ ಕಡಿಮಿ ಅಲ್ಲೇನು?" ಎಂದ ವಾಮನ. "ಒಂದಕ್ಕೇನಾಗ್ತದ ಅವ್ವಾ, ಕೊಟ್ಟ ಬಿಡು."

"ಇವತ್ತು ಬ್ಯಾಡ," ಎಂದರು ಭಾಗೀರಥಿಬಾಯಿ. "ಮ್ಯಾಲೆ ಇಡು ಅದನ್ನ." ಎದ್ದು ಹೋಗಿ ರಾಯರ ಹಿಂದೆ ಕೂತು, ಅವರ ಬೆನ್ನಿಗೆ ತಮ್ಮ ಬೆನ್ನು ಕೊಟ್ಟರು.